ಏಳು ಇಪ್ಪತ್ತರ ಗಡಿಯಾರ

ಕಾಲೇಜಿನಲ್ಲಿ ಅವಳಿಗೆ ಹದಿಮೂರು ದಿನದ ಮೇಡಂ ಎಂಬ ಹೆಸರಿತ್ತು. ಇಟ್ಟವರು ವಿದ್ಯಾರ್ಥಿಗಳು, ಹಬ್ಬಿಸಿದವರು ಸಹೋದ್ಯೋಗಿಗಳು, ಒಳಗೊಳಗೇ ಮೆಚ್ಚಿಕೊಂಡವಳು ಅವಳೇ. ಹಳೆಯ ರಷ್ಯಾದ ಕ್ಯಾಲೆಂಡರು ಆಚೆಯ ಯೂರೋಪಿಗಿಂತ ಹದಿಮೂರು ದಿನ ಹಿಂದೆ ಬಿದ್ದಿತ್ತು. ಅದನ್ನು ಸರಿಪಡಿಸಿದ್ದು ಹತ್ತೊಂಬೈನೂರ ಹದಿನೇಳರ ಕ್ರಾಂತಿಯ ಮರುವರ್ಷ. ಈ ಹದಿಮೂರು ದಿನಗಳ ಹಳ್ಳದಲ್ಲಿ ಕಾಲು ಜಾರಿ ಬಿದ್ದ ವಿದ್ವಾಂಸರನ್ನು ಹುಡುಕಿ, ಕಿವಿ ಹಿಡಿದು ಮೇಲೆತ್ತುವುದು ಅವಳ ಇಪ್ಪತ್ತು ವರ್ಷದ ಕಸುಬು. ಒಮ್ಮೆ ತುಂಬಿದ ಸಭೆಯಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು, ಪ್ಯಾರಿಸಿನಿಂದ ಹೊರಟ ಪತ್ರವೊಂದನ್ನು ಅದು ಬರೆದ ದಿನಕ್ಕಿಂತ ಐದು ದಿನ ಮೊದಲೇ ರಷ್ಯಾದ ರಾಜಧಾನಿ ಪೆಟ್ರೋಗ್ರಾಡಿಗೆ ತಲುಪಿಸಿಬಿಟ್ಟಿದ್ದರು. ಅವಳು ಎದ್ದು ನಿಂತು, "ಸಾರ್, ಅಂಚೆಯವರು ಎಷ್ಟೇ ಚುರುಕಾಗಿದ್ರೂ ಪತ್ರ ಬರೆಯೋವರೆಗಾದ್ರೂ ಕಾಯ್ತಿದ್ರು" ಎಂದಿದ್ದಳು. ಸಭೆ ಬಿದ್ದು ಬಿದ್ದು ನಕ್ಕಿತು. ಪ್ರಾಧ್ಯಾಪಕರು ಅಂದಿನಿಂದ ಅವಳನ್ನು ಕಂಡರೆ ಎದುರಿನ ಪಡಸಾಲೆಗೆ ದಾಟಿಕೊಳ್ಳುತ್ತಿದ್ದರು.

ಇಂಥವಳು ಹನ್ನೊಂದು ವರ್ಷ ಕುಳಿತು ಬರೆದ ಪುಸ್ತಕ ಈಗ ಅಚ್ಚುಮನೆಯಲ್ಲಿತ್ತು. ಹೆಸರು 'ನಿಂತ ಗಡಿಯಾರ'. ರಾಜಧಾನಿಯ ಚೌಕಗಳಲ್ಲಿ ಭಾಷಣ ಮಾಡಿದವರ ಕಥೆ ಎಲ್ಲರೂ ಬರೆದಾಗಿದೆ, ಅದು ತನಗೆ ಬೇಡವೆಂದು ಅವಳು ಮೊದಲೇ ತೀರ್ಮಾನಿಸಿದ್ದಳು. ಅರಸೊತ್ತಿಗೆ ಉರುಳಿದ ಸುದ್ದಿ ರೈಲುಹಳಿಯ ಪಕ್ಕದ ಟೆಲಿಗ್ರಾಫ್ ತಂತಿಯಲ್ಲಿ ಹರಿದು ಒಂದೊಂದೇ ಸಣ್ಣ ನಿಲ್ದಾಣಕ್ಕೆ ಹೇಗೆ ತಲುಪಿತು, ಅಲ್ಲಿನ ಗುಮಾಸ್ತರು, ಹಳಿ ಕಾಯುವವರು, ಗಾರ್ಡುಗಳು ಅದನ್ನು ಕೈಗೆತ್ತಿಕೊಂಡು ಏನು ಮಾಡಿದರು ಎಂಬುದೇ ಅವಳ ವಿಷಯ. ಅದಕ್ಕಾಗಿ ಮೂವತ್ತೈದು ದಾಟಿದ ಮೇಲೆ ರಷ್ಯನ್ ಕಲಿತಳು. ಮೂರು ಚಳಿಗಾಲ ಪರದೇಶದ ದಫ್ತರಖಾನೆಗಳಲ್ಲಿ ಕೈಗವಸು ಹಾಕಿಕೊಂಡೇ ಪುಟ ತಿರುವಿದಳು. ನಾಲ್ಕು ಸಾವಿರ ಪುಟಗಳ ಚಿತ್ರ ತೆಗೆದುಕೊಂಡು ಬಂದಳು.

ಪುಸ್ತಕದ ಗುಂಡಿಗೆಯೆಂದರೆ ಐದನೆಯ ಅಧ್ಯಾಯ. ಸೈಬೀರಿಯಾದ ಒಂದು ಪುಟ್ಟ ನಿಲ್ದಾಣ. ಅಲ್ಲೊಬ್ಬ ತಂತಿ ಗುಮಾಸ್ತ. ಕ್ರಾಂತಿಯ ಸುದ್ದಿ ಕೈಗೆ ಬಂದರೂ ಐದು ಗಂಟೆಗಳ ಕಾಲ ಅದನ್ನು ಯಾರಿಗೂ ಹೇಳದೆ ಅಡಗಿಸಿಟ್ಟ ಅಂಜುಬುರುಕ. ಈ ಐದು ಗಂಟೆಗಳನ್ನು ಕಂಡುಹಿಡಿದವಳು ಅವಳು, ಅವಳೊಬ್ಬಳೇ. ಆ ಅಧ್ಯಾಯ ಹಿಂದಿನ ವರ್ಷ ಒಂದು ಮಾಸಪತ್ರಿಕೆಯಲ್ಲಿ ಬಂದಾಗ ಓದುಗರ ಕಾಗದಗಳು ಕಟ್ಟುಗಟ್ಟಲೆ ಬಂದಿದ್ದವು. ಒಮ್ಮೆ ಅಚ್ಚಾದದ್ದನ್ನು ಮತ್ತೆ ತಿದ್ದುವುದೇನಿದೆ ಎಂದು, ಕರಡಚ್ಚು ನೋಡುವಾಗ ಅದನ್ನು ಕಟ್ಟಕಡೆಗೆ ಉಳಿಸಿಕೊಂಡಿದ್ದಳು.

ಕರಡಚ್ಚು ನೋಡುವ ಕೆಲಸ ಆ ಮನೆಯಲ್ಲಿ ಇಬ್ಬರದು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹಸ್ತಪ್ರತಿಯ ಮೇಲೆ ಬೆರಳಿಟ್ಟು ಹೋಲಿಸಬೇಕು. ಓದುವವರು ಮಾವನವರು, ಅವಳ ಗಂಡನ ತಂದೆ. ಮೂವತ್ತೆಂಟು ವರ್ಷ ರೈಲ್ವೆಯಲ್ಲಿದ್ದು, ಮೊದಲು ತಂತಿಯಂತ್ರದ ಮುಂದೆ ಕುಳಿತು, ಕಡೆಗೆ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ತಂತಿಯಲ್ಲಿ ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆಂದು ಬಲ್ಲ ಮನುಷ್ಯ. ಆದ್ದರಿಂದ ಚಿಹ್ನೆಗಳನ್ನೂ ಬಿಡದೆ ಓದುತ್ತಿದ್ದರು. ಅಲ್ಪವಿರಾಮಕ್ಕೆ ಒಂದು ದನಿ, ಪೂರ್ಣವಿರಾಮಕ್ಕೆ ಒಂದು ದನಿ, ಉದ್ಗಾರ ಚಿಹ್ನೆ ಬಂದರೆ ಮೇಜು ಗುದ್ದುವಷ್ಟು ಜೋರು. ಅಡುಗೆಮನೆಯಿಂದ ಅತ್ತೆಯವರು, "ನಿಮ್ಮ ರಷ್ಯಾದಲ್ಲಿ ಎಲ್ಲಾ ಕಿವುಡರೇ ಇದ್ರಾ?" ಎಂದು ಕೇಳುತ್ತಿದ್ದರು.

ಆ ದಿನ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಊಟದ ಮೇಜಿಗೆ ಕುಳಿತರು. ಪಕ್ಕದಲ್ಲಿ ಚಹಾದ ಲೋಟ, ಕೆಂಪು ಪೆನ್ಸಿಲು, ಮುಖಪುಟದ ಮಾದರಿ ಹಾಳೆ. ಒಳಪುಟಗಳು ನಾಳೆ ಬೆಳಿಗ್ಗೆ ಯಂತ್ರಕ್ಕೆ ಏರುವವು. ಮುಖಪುಟ ಇಂದೇ ಅಚ್ಚಾಗುತ್ತಿತ್ತು.

"'ತಂತಿ ನಿಲ್ದಾಣಕ್ಕೆ ಬಂದದ್ದು ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ' ಅಲ್ಪವಿರಾಮ 'ಪುರಸಭೆಗೆ ತಲುಪಿದ್ದು ಮಧ್ಯಾಹ್ನ ಎರಡು ಇಪ್ಪತ್ತನಾಲ್ಕಕ್ಕೆ' ಪೂರ್ಣವಿರಾಮ 'ಈ ಐದು ಗಂಟೆಗಳ ಕಾಲ ಆ ಗುಮಾಸ್ತ ಏನು ಮಾಡುತ್ತಿದ್ದ' ಪ್ರಶ್ನಾರ್ಥಕ…"

ಮಾವನವರು ನಿಂತರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅದು ಅವರು ಕೆಂಪು ಬಾವುಟ ಹಿಡಿಯುವ ರೀತಿ.

"ಒಂಬತ್ತು ಇಪ್ಪತ್ತು ಅಂತ ಎಲ್ಲಿ ಬರೆದಿತ್ತಮ್ಮಾ?"

"ಸ್ಟೇಷನ್ನಿನ ತಂತಿ ರಿಜಿಸ್ಟರಲ್ಲಿ. ಆ ಗುಮಾಸ್ತನ ಕೈಬರಹದಲ್ಲೇ ಇದೆ ಮಾವ."

"ಎರಡು ಇಪ್ಪತ್ತನಾಲ್ಕು?"

"ಪುರಸಭೆಯ ನಡಾವಳಿ ಪುಸ್ತಕದಲ್ಲಿ. ಎರಡೂ ಸ್ವತಂತ್ರ ಆಧಾರ." ಈ ಮಾತನ್ನು ಅವಳು ಹೆಮ್ಮೆಯಿಂದಲೇ ಹೇಳಿದಳು. ಒಂದೇ ಆಧಾರವನ್ನು ನಂಬಿ ಬರೆಯುವವಳಲ್ಲ ಅವಳು.

"ಎರಡು ಪುಸ್ತಕ ಅಂದ್ರೆ ಎರಡು ಗಡಿಯಾರ ಕಣಮ್ಮಾ."

ಅವಳು ನಕ್ಕಳು. "ಇರಬಹುದು ಮಾವ. ನಮ್ಮನೆ ಗಡಿಯಾರಕ್ಕೂ ಪಕ್ಕದ ಮನೆದಕ್ಕೂ ಐದು ನಿಮಿಷ ಹೆಚ್ಚುಕಡಿಮೆ ಇದೆ. ಐದು ಗಂಟೆ ಇರತ್ತಾ?"

"ಪಕ್ಕದ ಮನೆಯೋರು ಗಾಡಿ ಓಡಿಸಲ್ಲ."

ಅತ್ತೆಯವರು ಬಾಗಿಲಿಗೆ ಬಂದು ನಿಂತರು. ಗಂಡನ ದನಿ ಸ್ಟೇಷನ್ ದನಿಗೆ ತಿರುಗಿದರೆ ಅವರಿಗೆ ಅಡುಗೆಮನೆಯಲ್ಲೇ ತಿಳಿಯುತ್ತಿತ್ತು.

ಮಾವನವರು ಚಹಾದ ಲೋಟವನ್ನು ಮೇಜಿನ ಈ ತುದಿಗಿಟ್ಟರು, ಮಸಿ ಸೀಸೆಯನ್ನು ಆ ತುದಿಗಿಟ್ಟರು. "ಇದು ರಾಜಧಾನಿ. ಅದು ನಿನ್ನ ಸ್ಟೇಷನ್. ಮಧ್ಯೆ ಎಷ್ಟು ದೂರ?"

"ಐದು ಸಾವಿರ ಕಿಲೋಮೀಟರಿಗೂ ಮೇಲೆ."

"ಅಲ್ಲಿ ಸೂರ್ಯ ಮೊದಲು ಹುಟ್ತಾನೆ. ಊರಿನೋರು ಊರಿನ ಸೂರ್ಯನ್ನ ನೋಡಿ ಗಡಿಯಾರ ಇಟ್ಕೋತಾರೆ, ಇಟ್ಕೊಳ್ಳಲಿ. ಆದ್ರೆ ರೈಲು? ಪ್ರತಿ ಊರಲ್ಲೂ ಗಾರ್ಡು ಗಡಿಯಾರ ತಿರುಗಿಸ್ತಾ ಕೂತರೆ, ಈ ಕಡೆ ಗಾಡಿ ಹೊರಟಿದ್ದು ಎಷ್ಟಕ್ಕೆ, ಆ ಕಡೆದು ಎಷ್ಟಕ್ಕೆ ಅಂತ ಯಾರಿಗೆ ಗೊತ್ತಾಗತ್ತೆ? ಎರಡೂ ನಡುದಾರೀಲಿ ಮುತ್ತು ಕೊಟ್ಕೋತಾವೆ. ಅದಕ್ಕೇ ರೈಲಿಗೆ ಈ ತುದಿಯಿಂದ ಆ ತುದಿವರೆಗೆ ಒಂದೇ ಗಡಿಯಾರ. ತಂತಿಗೂ ಅದೇ. ನಾನಾಗಿದ್ರೆ ಹಾಗೇ ಇಡ್ತಿದ್ದೆ. ಅವರು ಇಟ್ಟಿರಲಿಲ್ಲ ಅನ್ನೋದಾದ್ರೆ ಅವರು ರೈಲ್ವೆಯೋರೇ ಅಲ್ಲ."

ಅವಳ ಬೆರಳು ಹಸ್ತಪ್ರತಿಯ ಮೇಲೆ ನಿಂತಲ್ಲೇ ನಿಂತಿತ್ತು. ನಗು ಮಾತ್ರ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಮಾವ, ಅದು ನಿಮ್ಮ ಊಹೆ."

"ಊಹೆನೇ. ನಾನೇನು ರಷ್ಯಾ ನೋಡಿದೀನಾ? ಆ ಹಾಳೆ ಇತ್ತ ಕೊಡು."

ಅವರು ಕೇಳಿದ್ದು ಮುಖಪುಟದ ಮಾದರಿಯನ್ನು. ಅದರ ಮೇಲೆ ಅದೇ ನಿಲ್ದಾಣದ ಚಿತ್ರ. ಕ್ರಾಂತಿಯ ಹಿಂದಿನ ಬೇಸಿಗೆಯಲ್ಲಿ ಯಾರೋ ತೆಗೆದದ್ದು: ಮರದ ಕಟ್ಟಡ, ಪ್ಲಾಟ್‌ಫಾರಮ್ಮಿನ ಪಕ್ಕ ಉಗಿಬಂಡಿ, ಬಾವುಟ ಹಿಡಿದ ಸ್ಟೇಷನ್ ಮಾಸ್ಟರ್, ನೆತ್ತಿಯ ಮೇಲೆ ದೊಡ್ಡ ಗಡಿಯಾರ. ಗಡಿಯಾರದಲ್ಲಿ ಏಳು ಇಪ್ಪತ್ತು. ಜನರ ನೆರಳುಗಳೋ ಮೋಟು ಮೋಟು, ಮುಕ್ಕಾಲು ಆಳಿನಷ್ಟೂ ಉದ್ದವಿಲ್ಲ. ನಡು ಮಧ್ಯಾಹ್ನದ ನೆರಳು. ಈ ವ್ಯತ್ಯಾಸವನ್ನು ಕಂಡವಳೂ ಅವಳೇ. ಕಂಡು, ಗಡಿಯಾರ ಕೆಟ್ಟು ನಿಂತಿದೆಯೆಂದು ನಿರ್ಧರಿಸಿ, 'ಆ ಸಾಮ್ರಾಜ್ಯದ ಗಡಿಯಾರವೇ ನಿಂತುಹೋಗಿತ್ತು' ಎಂಬ ವಾಕ್ಯ ಬರೆದು, ಆ ವಾಕ್ಯದ ಸೊಗಸಿಗೆ ತಾನೇ ಮನಸೋತು ಇಡೀ ಪುಸ್ತಕಕ್ಕೆ ಆ ಹೆಸರನ್ನಿಟ್ಟಿದ್ದಳು.

ಮಾವನವರು ಚಿತ್ರವನ್ನು ಮೂಗಿನ ತುದಿಗೆ ಹಿಡಿದರು. "ಇಷ್ಟು ದಿನ ಇದನ್ನ ದೂರದಿಂದ ನೋಡ್ತಿದ್ದೆ, ನನ್ನ ತಪ್ಪು. ನೋಡು ಇಲ್ಲಿ, ಮಾಸ್ಟರ್ ಬಾವುಟ ಎತ್ತಿದಾನೆ, ಗಾಡಿ ಬಿಡ್ತಿದಾನೆ. ನಿಂತ ಗಡಿಯಾರದ ಕೆಳಗೆ ನಿಂತು ಗಾಡಿ ಬಿಡೋ ಮಾಸ್ಟರ್ ಯಾವ ದೇಶದಲ್ಲೂ ಇಲ್ಲ ತಾಯಿ. ಗಡಿಯಾರ ನಿಂತ್ರೆ ಮೊದಲು ಅದಕ್ಕೆ ಬಟ್ಟೆ ಮುಚ್ಚಿಸ್ತೀವಿ, ಆಮೇಲೆ ಉಸಿರಾಡ್ತೀವಿ. ಈ ಗಾಡಿ ಅಲ್ಲಿಂದ ಎಷ್ಟಕ್ಕೆ ಹೊರಡಬೇಕು? ವೇಳಾಪಟ್ಟಿ ಇದೆಯಾ ನಿನ್ನ ಹತ್ರ?"

ಇತ್ತು. ನಾಲ್ಕು ಸಾವಿರ ಚಿತ್ರಗಳಲ್ಲಿ ಇನ್ನೂರು ಆ ಕಾಲದ ರೈಲ್ವೆ ವೇಳಾಪಟ್ಟಿಯವು. ಅವಳು ಕಂಪ್ಯೂಟರನ್ನು ಮೇಜಿಗೆ ತಂದಳು. ನಿಲ್ದಾಣಗಳ ಹೆಸರು, ದೂರ ಬೇಕಾದಾಗಲೆಲ್ಲ ತೆರೆದ ಪುಟಗಳು ಅವು. ವೇಳೆಯ ಅಂಕಣದ ಮೇಲೆ ಅವಳ ಕಣ್ಣು ಎಂದೂ ನಿಂತಿರಲಿಲ್ಲ. ಇಂದು ನಿಂತಿತು. ಪೂರ್ವಕ್ಕೆ ಹೋಗುವ ಪ್ರಯಾಣಿಕರ ಗಾಡಿ, ಆ ನಿಲ್ದಾಣಕ್ಕೆ ಬರುವುದು ಏಳು ಹನ್ನೆರಡು. ಹೊರಡುವುದು ಏಳು ಇಪ್ಪತ್ತು.

ಮಾವನವರು ಚಿತ್ರವನ್ನು ಗಡಿಯಾರ ಅವಳ ಕಡೆ ಬರುವಂತೆ ಮೇಜಿನ ಮೇಲಿಟ್ಟರು.

ಅವಳು ಆ ಕಡತದ ಮೊಟ್ಟಮೊದಲ ಚಿತ್ರಕ್ಕೆ ಹೋದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತೆರೆಯದ ಚಿತ್ರ. ಬೇರೆಯವರ ಅಡಿಟಿಪ್ಪಣಿಯ ಅಡಿಯಲ್ಲಿರುವ ಟಿಪ್ಪಣಿಯನ್ನೂ ಬಿಡದೆ ಓದುವ ಮಹಾತಾಯಿ, ವೇಳಾಪಟ್ಟಿಯ ಮೊದಲ ಪುಟದಲ್ಲಿ ಏನಿರುತ್ತದೆ, ಸಾಬೂನಿನ ಜಾಹೀರಾತು ಎಂದು ದಾಟಿ ಹೋಗಿದ್ದಳು. ಸಾಬೂನಿನ ಜಾಹೀರಾತೂ ಇತ್ತು. ಅದರ ಮೇಲೆ, ಚೌಕದೊಳಗೆ, ಎರಡು ಸಾಲು: ಈ ಪುಸ್ತಕದಲ್ಲಿ ಕೊಟ್ಟಿರುವ ಎಲ್ಲ ವೇಳೆಯೂ ಪೆಟ್ರೋಗ್ರಾಡಿನ ವೇಳೆ.

"ಓದು" ಎಂದರು ಮಾವನವರು.

ಅವಳು ಓದಿ ಕನ್ನಡದಲ್ಲಿ ಹೇಳಿದಳು. ಬೇರೆಯವರ ತಪ್ಪನ್ನು ಹೇಳುವಷ್ಟೇ ಸ್ಪಷ್ಟವಾಗಿ ತನ್ನದನ್ನೂ ಹೇಳಿದಳು.

ಮಗಳ ಹಳೆಯ ಶಾಲಾ ಭೂಪಟ ಕಪಾಟಿನಲ್ಲಿತ್ತು. ರಾಜಧಾನಿಗೂ ಆ ನಿಲ್ದಾಣಕ್ಕೂ ನಡುವೆ ಎಪ್ಪತ್ತಮೂರು ರೇಖಾಂಶ. ಒಂದಕ್ಕೆ ನಾಲ್ಕು ನಿಮಿಷ. ಅವಳು ಕಾಗದ ಹುಡುಕುವಷ್ಟರಲ್ಲಿ ಮಾವನವರು ಬಾಯಲ್ಲೇ ಹೇಳಿದರು: "ನಾಲ್ಕು ಗಂಟೆ ಐವತ್ತೆರಡು ನಿಮಿಷ. ರೈಲು ಗಡಿಯಾರದಲ್ಲಿ ಒಂಬತ್ತು ಇಪ್ಪತ್ತು ಅಂದ್ರೆ ಊರಲ್ಲಿ ಎರಡು ಗಂಟೆ ಹನ್ನೆರಡು. ಪುರಸಭೆಗೆ ಬಂದದ್ದು ಎರಡು ಇಪ್ಪತ್ತನಾಲ್ಕು."

"ಹನ್ನೆರಡು ನಿಮಿಷ" ಎಂದಳು ಅವಳು.

ಐದು ಗಂಟೆ ಕರಗಿ ಹನ್ನೆರಡು ನಿಮಿಷ ಉಳಿದಿತ್ತು. ತಂತಿಯಂತ್ರದ ಚುಕ್ಕೆ ಗೆರೆಗಳ ಪಟ್ಟಿಯನ್ನು ಕಾಗದಕ್ಕೆ ಇಳಿಸಿ, ರಿಜಿಸ್ಟರಿನಲ್ಲಿ ದಾಖಲಿಸಿ, ಕೋಟು ತೊಟ್ಟು, ಮೊಣಕಾಲುದ್ದದ ಹಿಮದ ದಾರಿಯಲ್ಲಿ ಪುರಸಭೆಗೆ ಹೋಗುವುದಕ್ಕೆ ಹನ್ನೆರಡು ನಿಮಿಷ. ದಾರಿ ಎಷ್ಟೆಂಬುದು ಅವಳಿಗೆ ಬಾಯಿಪಾಠ. ನಕ್ಷೆಯಲ್ಲಿ ತಾನೇ ಅಳೆದಿದ್ದಳು. ಒಂದು ಕಿಲೋಮೀಟರಿಗೆ ತುಸು ಹೆಚ್ಚು. ಆ ಮನುಷ್ಯನ ವಯಸ್ಸು ನಲವತ್ತೊಂಬತ್ತು, ಸ್ಥೂಲ ಶರೀರ. ನೌಕರಿಯ ಕಡತದಲ್ಲಿ ವೈದ್ಯರು ಬರೆದಿದ್ದರು. ಅದನ್ನೇ ಹಿಡಿದು ಅವಳು 'ಕುರ್ಚಿಯಿಂದೇಳಲು ಮನಸ್ಸಾಗದ ದಪ್ಪ ಗುಮಾಸ್ತ' ಎಂದು ಪುಟ ನೂರ ನಲವತ್ತಾರರಲ್ಲಿ ಚಿತ್ರಿಸಿದ್ದಳು.

ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಪುಟ ನೂರ ನಲವತ್ತೊಂಬತ್ತು. ಐದು ಗಂಟೆ ಸುದ್ದಿ ಅಡಗಿಸಿದವನ ಮೇಲೆ ಆ ಊರಿನಲ್ಲಿ ಒಬ್ಬರೂ ದೂರು ಕೊಡಲಿಲ್ಲವೇಕೆ ಎಂಬ ಪ್ರಶ್ನೆ ಅವಳನ್ನೂ ಕಾಡಿತ್ತು. ಕಾಡಿದ್ದಕ್ಕೆ ಉತ್ತರವನ್ನೂ ಹೆಣೆದಿದ್ದಳು: ಊರಿಗೆ ಊರೇ ಹೆದರಿತ್ತು, ಮೌನವೇ ಒಳಸಂಚಿನ ಸಾಕ್ಷಿ. ಎರಡು ಪುಟ, ಏಳು ಅಡಿಟಿಪ್ಪಣಿ. ಊರಿನವರು ದೂರು ಕೊಡದಿದ್ದುದು ದೂರಲು ಏನೂ ಇರಲಿಲ್ಲವಾದ್ದರಿಂದ ಎಂಬ ಸರಳ ವಿಷಯ ಹೊಳೆಯಲು, ಚಹಾದ ಲೋಟ ಮೇಜಿನ ಒಂದು ತುದಿಗೆ, ಮಸಿ ಸೀಸೆ ಇನ್ನೊಂದು ತುದಿಗೆ ಹೋಗಬೇಕಾಯಿತು. ನೂರು ವರ್ಷದಲ್ಲಿ ಆ ಮನುಷ್ಯನ ಮೇಲೆ ಬಂದ ಮೊದಲ ಆರೋಪ, ಏಕೈಕ ಆರೋಪ, ಅವಳದೇ.

"ನೋಡಮ್ಮಾ," ಮಾವನವರು ಗಂಟಲು ಸರಿಮಾಡಿಕೊಂಡರು, "ನಾನು ಓದೋದಕ್ಕೆ ಕೂತೋನು. ಓದೋನು ಅಕ್ಷರ ನೋಡ್ಬೇಕು, ಅರ್ಥ ನೋಡಬಾರದು. ನಾನು ಏನೂ ಹೇಳಿಲ್ಲ ಅಂತ ಇಟ್ಕೊಂಡ್ರೂ ನನಗೆ ಬೇಜಾರಿಲ್ಲ."

"ಹೇಳೋದನ್ನೆಲ್ಲ ಹೇಳಿಬಿಟ್ಟು ಈಗ ಬಾವುಟ ಮಡಚ್ತಿದಾರೆ ನೋಡು" ಎಂದರು ಅತ್ತೆ ಬಾಗಿಲಿನಿಂದ.

ಅವಳು ಒಂದು ಕ್ಷಣ ಕೆಂಪು ಪೆನ್ಸಿಲನ್ನೇ ನೋಡಿದಳು. ಪುಸ್ತಕ ಹಾಗೇ ಹೊರಬರಬಹುದಿತ್ತು. ಬಂದರೆ ಪ್ರಶಂಸೆಯೂ ಬರುತ್ತಿತ್ತು. ರಷ್ಯಾದ ರೈಲ್ವೆ ವೇಳಾಪಟ್ಟಿಯ ಮೊದಲ ಪುಟ ಓದಿರುವವರು ಈ ಭಾಷೆಯಲ್ಲಿ ಇನ್ನೆಷ್ಟು ಜನ ಸಿಕ್ಕಾರು? ಆದರೆ ಎದುರು ಪಡಸಾಲೆಗೆ ದಾಟಿಕೊಳ್ಳುವ ಆ ಪ್ರಾಧ್ಯಾಪಕರ ಬೆನ್ನು ಅವಳ ಕಣ್ಣಿಗೆ ಬಂತು. ಜತೆಗೆ ಇನ್ನೊಂದು ಬೆನ್ನು, ಎಂದೂ ನೋಡದ, ಭಾರದ ಕೋಟಿನ ಬೆನ್ನು.

"ನಾಳೆ ಒಳಪುಟ ಏರಲ್ಲ" ಎಂದು ಅವಳು ಎದ್ದಳು. "ಐದನೇ ಅಧ್ಯಾಯ ಹೊಸದಾಗಿ ಬರೀತೀನಿ. ಹೆಸರೂ ಬದಲಾಗತ್ತೆ. ನಿಂತಿಲ್ಲದ ಗಡಿಯಾರಕ್ಕೆ 'ನಿಂತ ಗಡಿಯಾರ' ಅಂತ ಹೆಸರಿಟ್ಟು ನಾನು ಮಾರಲ್ಲ. ಮುಖಪುಟ ಈಗಲೇ ನಿಲ್ಲಿಸಬೇಕು."

ಪ್ರಕಾಶಕರಿಗೆ ಫೋನು ಮಾಡಿದಳು. ಅಚ್ಚುಮನೆ, ಪ್ರಕಾಶನ ಎರಡೂ ಒಬ್ಬರದೇ. ಏನು ಕೇಳಿದರೂ ಮೊದಲು 'ಆಗಲ್ಲಪ್ಪ' ಎನ್ನುವವರಾದ್ದರಿಂದ ಬರಹಗಾರರ ನಡುವೆ ಅವರ ಹೆಸರೇ ಆಗಲ್ಲಪ್ಪ. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

"ಯಂತ್ರ ಓಡ್ತಿದ್ರೆ ಆತ ಫೋನನ್ನ ಮೇಜಿನ ಖಾನೆಗೆ ಹಾಕಿಬಿಡ್ತಾನೆ, ನೀನೇ ಹೇಳಿದ್ದು" ಎಂದರು ಅತ್ತೆ. "ಫೋನಿನ ಮುಂದೆ ಯಾಕೆ ಕೂತಿದೀಯ? ಕಾಲಿಲ್ವಾ? ಹೋಗಿ ಬಾ."

ಅಚ್ಚುಮನೆ ಇದ್ದದ್ದು ಸೇತುವೆಯಾಚೆ, ಇದೂ ಒಂದು ಕಿಲೋಮೀಟರಿಗೆ ತುಸು ಹೆಚ್ಚು. ನೀರಿನ ಕೊಳವೆ ಹಾಕಲು ಬೀದಿಯನ್ನು ಉದ್ದಕ್ಕೂ ಅಗೆದಿದ್ದರಿಂದ ಒಂದು ಬಂಡಿಯೂ ಒಳಗೆ ಬರುವಂತಿರಲಿಲ್ಲ. ಅವಳು ಮಾದರಿ ಹಾಳೆಯನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು, ಸಿಕ್ಕಿದ ಚಪ್ಪಲಿ ಮೆಟ್ಟಿ ಹೊರಬಿದ್ದಳು. ಹಿಂದಿನಿಂದ ಮಾವನವರ ದನಿ ಕೇಳಿಸಿತು, "ಹನ್ನೊಂದು ಇಪ್ಪತ್ತೊಂಬತ್ತು!" ಹೊರಟ ವೇಳೆ ಬರೆದುಕೊಳ್ಳದೆ ಯಾರನ್ನೂ ಬಿಟ್ಟವರಲ್ಲ ಅವರು.

ಮೊದಲ ತಿರುವಿನವರೆಗೆ ಬಿರುಸಾಗಿ ನಡೆದಳು. ಗುಂಡಿಗೆ ಹಾಕಿದ ಹಲಗೆ ದಾಟಿದ ಮೇಲೆ, ಯಂತ್ರ ಗಂಟೆಗೆ ಎಷ್ಟು ಹಾಳೆ ಉಗುಳುತ್ತದೆಂಬುದು ನೆನಪಾಗಿ ಓಡತೊಡಗಿದಳು. ಐವತ್ತೊಂದರ ವಯಸ್ಸಿನಲ್ಲಿ ಓಡುವುದೆಂದರೆ ಶರೀರ ಒಂದೊಂದು ಭಾಗವಾಗಿ ಬಂದು ಆಕ್ಷೇಪಣೆ ಸಲ್ಲಿಸುವ ಕೆಲಸ. ಮೊದಲು ಮೊಣಕಾಲು, ಆಮೇಲೆ ಪಕ್ಕೆ, ಆಮೇಲೆ ಉಸಿರು. ಬೀಗ ರಿಪೇರಿಯವನು ಕೈಲಿದ್ದ ಅರ ನಿಲ್ಲಿಸಿ, "ಏನಮ್ಮಾ, ಬಸ್ಸು ಆ ಕಡೆ ಹೋಗೋದು!" ಎಂದು ಕೂಗಿದ. ಸೇತುವೆಯ ಮೇಲೆ ನಿಂತು ಕಂಬಿ ಹಿಡಿದು ಏದುಸಿರು ಬಿಟ್ಟಳು. ಒಣ ರಸ್ತೆ, ಹಗುರ ಬಟ್ಟೆ, ಹೂಬಿಸಿಲು. ಇದೇ ದಾರಿಯಲ್ಲಿ ಮೊಣಕಾಲುದ್ದದ ಹಿಮ ಬಿದ್ದಿದ್ದರೆ? ಮೈಮೇಲೆ ಕುರಿಚರ್ಮದ ಕೋಟು ಇದ್ದಿದ್ದರೆ? ಎದೆಯ ಜೇಬಿನಲ್ಲಿ ಮುನ್ನೂರು ವರ್ಷದ ಅರಸುಮನೆತನ ಮುಗಿಯಿತೆಂಬ ಕಾಗದ ಇದ್ದು, ಅದನ್ನು ಓದಿದವನು ಆ ಊರಿನಲ್ಲಿ ತಾನೊಬ್ಬನೇ ಆಗಿದ್ದರೆ? ಅವನು ಈ ಜಾಗದಲ್ಲಿ ಉಸಿರಿಗಾಗಿ ನಿಂತಿರಲಾರ ಎನ್ನಿಸಿತು. ನಿಂತಿದ್ದರೆ ಹನ್ನೆರಡು ನಿಮಿಷ ಸಾಲುತ್ತಿರಲಿಲ್ಲ. ಕಂಬಿ ಬಿಟ್ಟು ಮತ್ತೆ ಓಡಿದಳು.

ಅಚ್ಚುಮನೆಯೊಳಗೆ ಯಂತ್ರದ ಸದ್ದು ಗೋಡೆ ನಡುಗಿಸುತ್ತಿತ್ತು. ಮಸಿ, ಸೀಮೆಎಣ್ಣೆ, ಹೊಸ ಕಾಗದದ ವಾಸನೆ. ಆಗಲ್ಲಪ್ಪ ಮಣಿಕಟ್ಟಿನವರೆಗೆ ನೀಲಿಯಾದ ಕೈಯಲ್ಲಿ ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವಳ ಮುಖ ಕಂಡು ಬೆಚ್ಚಿಬಿದ್ದರು.

"ಮೇಡಂ! ಯಾರಾದ್ರೂ ಹೋಗಿಬಿಟ್ರಾ?"

"ನಿಲ್ಸಿ!"

"ಆಗಲ್ಲ."

"ನಿಲ್ಸಿ ಅಂದ್ರೆ ನಿಲ್ಸಿ. ಪುಸ್ತಕದ ಹೆಸರು ತಪ್ಪು."

"ಕಾಗುಣಿತ ತಪ್ಪಾಯ್ತಾ? ನಾಲ್ಕು ಸಲ ನೋಡಿದೀನಲ್ಲ!"

"ಕಾಗುಣಿತ ಸರಿ ಇದೆ. ಗಡಿಯಾರ ನಿಂತಿರಲಿಲ್ಲ."

ಆಗಲ್ಲಪ್ಪ ಅವಳನ್ನು ನೋಡಿದರು, ಹಾಳೆಯ ಮೇಲಿನ ಗಡಿಯಾರವನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಬಾಯಿ 'ಆಗಲ್ಲ' ಎನ್ನುತ್ತಿದ್ದಂತೆಯೇ ಕೈ ಹೋಗಿ ಗುಂಡಿ ಒತ್ತಿತು. ಯಂತ್ರ ನರಳಿ, ನಾಲ್ಕು ಹಾಳೆ ಕಕ್ಕಿ, ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ಅವಳ ಉಸಿರು ಮಾತ್ರ ಯಂತ್ರದಂತೆ ಕೇಳಿಸುತ್ತಿತ್ತು. ಅವಳು ಕಾಗದದ ಕಟ್ಟಿನ ಮೇಲೆ ಕುಳಿತು, ಮಾವನವರ ಗಡಿಯಾರಕ್ಕೆ ಹೊಂದಿಸಿದ್ದ ತನ್ನ ಕೈಗಡಿಯಾರ ನೋಡಿದಳು. ಹನ್ನೊಂದು ನಲವತ್ತಾರು. ಹದಿನೇಳು ನಿಮಿಷ.

ನೀರು ಕುಡಿದು ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಆಗಲ್ಲಪ್ಪ ಮಸಿ ಕೈಯಿಂದ ಹಣೆ ಒರೆಸಿಕೊಂಡು ಹಣೆಯನ್ನೂ ನೀಲಿ ಮಾಡಿಕೊಂಡರು.

"ಮೇಡಂ, ನೂರು ವರ್ಷದ ಹಿಂದಿನ ಗಡಿಯಾರ. ನಿಂತಿತ್ತೋ ಓಡ್ತಿತ್ತೋ ಯಾರು ಹೋಗಿ ನೋಡ್ತಾರೆ?"

"ನಾನು ನೋಡಿದೆನಲ್ಲ."

"ಪತ್ರಿಕೇಲೂ ಬಂದಾಗಿದೆ. ಜನ ಹೊಗಳಿದಾರೆ."

"ಪತ್ರಿಕೆಗೆ ಇವತ್ತೇ ಬರೀತೀನಿ, ನನ್ನ ಹೆಸರು ಹಾಕಿ. ಇಪ್ಪತ್ತು ವರ್ಷದಿಂದ ಬೇರೆಯವರಿಗೆ ಬರೆದಿದೀನಿ ಆ ಥರ ಕಾಗದ. ಒಕ್ಕಣೆ ನನಗೆ ಚೆನ್ನಾಗೇ ಬರತ್ತೆ."

"ಹಾಗಾದ್ರೆ ಒಂದು ತಿದ್ದುಪಡಿ ಚೀಟಿ ಒಳಗೆ ಅಂಟಿಸೋಣ. 'ಓದುಗರು ಐದು ಗಂಟೆ ಎಂಬಲ್ಲಿ ಹನ್ನೆರಡು ನಿಮಿಷ ಎಂದು ಓದಿಕೊಳ್ಳಬೇಕು.'"

ಅವಳಿಗೆ ಆ ಸ್ಥಿತಿಯಲ್ಲೂ ನಗು ತಡೆಯಲಾಗಲಿಲ್ಲ. "ಚೀಟಿ ಅಂಟಿಸೋಕೆ ಇದೇನು ಔಷಧಿ ಸೀಸೆನಾ? ಹೇಡಿ ಅಂತ ಹತ್ತೊಂಬತ್ತು ಪುಟ ಬರೆದು, ಕೊನೆಗೊಂದು ಚೀಟೀಲಿ ಕ್ಷಮಿಸಿ ಅಂದ್ರೆ ನೀವು ಸುಮ್ನಿರ್ತೀರಾ, ನಿಮ್ಮನ್ನ ಹಾಗಂದಿದ್ರೆ?"

"ನಾನು ಬದುಕಿದೀನಲ್ಲ, ಜಗಳಕ್ಕೆ ಬರ್ತೀನಿ."

"ಅವನು ಬರೋ ಹಾಗಿಲ್ಲ. ಅದಕ್ಕೇ ನಾನು ಬಂದಿದ್ದು."

ಆಗಲ್ಲಪ್ಪ ಅಚ್ಚಾದ ಕಟ್ಟಿನ ಬಳಿ ಹೋಗಿ ಒಂದು ಹಾಳೆ ತಂದು ಅವಳ ಮಡಿಲಿಗಿಟ್ಟರು. ನಿಲ್ದಾಣ, ಬಂಡಿ, ಬಾವುಟ, ಏಳು ಇಪ್ಪತ್ತರ ಗಡಿಯಾರ, ಎಲ್ಲವೂ ಇದ್ದವು. ಹೆಸರು ಇರಲಿಲ್ಲ.

"ಹೆಸರು ಬೆಳ್ಳಿ ಅಕ್ಷರ ಬೇಕು ಅಂತ ಹಟ ಮಾಡಿದ್ರಿ, ಜ್ಞಾಪಕ ಇದೆಯಾ? ನಾನು ಆಗಲ್ಲ ಅಂದಿದ್ದೆ. ಬೆಳ್ಳಿನ ಬೇರೆ ಅಚ್ಚಲ್ಲಿ ಕೊನೆಗೆ ಒತ್ತೋದು. ಚಿತ್ರ ಎಲ್ಲಾ ಒಳ್ಳೇದೇ. ಚಿತ್ರ ಏನು ತಪ್ಪು ಮಾಡಿದೆ ಪಾಪ, ತಪ್ಪು ಓದಿದೋರು ನೀವು. ಹೊಸ ಹೆಸರು ಹೇಳಿ, ಅಚ್ಚು ಕೊರೆಸ್ತೀನಿ. ಅಧ್ಯಾಯ ಯಾವಾಗ ಕೊಡ್ತೀರಿ?"

"ಹದಿಮೂರು ದಿನ ಕೊಡಿ."

"ಆಗಲ್ಲ" ಎಂದು ಆಗಲ್ಲಪ್ಪ ಗೋಡೆಯ ಕ್ಯಾಲೆಂಡರಿನ ಬಳಿ ಹೋಗಿ, ನೀಲಿ ಬೆರಳಿನಿಂದ ಹದಿಮೂರನೆಯ ಮನೆಯನ್ನು ಒತ್ತಿ ಗುರುತು ಮಾಡಿದರು.

ಆ ಹದಿಮೂರು ದಿನ ಅವಳು ಬರೆದಂತೆ ಹಿಂದೆಂದೂ ಬರೆದಿರಲಿಲ್ಲ. ಹಳೆಯ ಅಧ್ಯಾಯದ ಹತ್ತೊಂಬತ್ತು ಪುಟಗಳಲ್ಲಿ ಉಳಿದದ್ದು ನಿಲ್ದಾಣದ ವರ್ಣನೆಯ ಒಂದೂವರೆ ಪುಟ. ಒಂದು ಗಡಿಯಾರ ತಿರುಗಿಸಿದ ಕೂಡಲೇ ನಾಲ್ಕು ಸಾವಿರ ಚಿತ್ರಗಳೂ ಬೇರೆ ಮುಖ ತೋರಿಸಿದವು. ಹಳಿಯುದ್ದಕ್ಕೂ ಇದ್ದ ಇನ್ನೂ ಹನ್ನೊಂದು ನಿಲ್ದಾಣಗಳ ರಿಜಿಸ್ಟರು ತೆಗೆದು ಲೆಕ್ಕ ಹಾಕಿದಳು. ಒಂದರಲ್ಲಿ ಇಪ್ಪತ್ತು ನಿಮಿಷ, ಒಂದರಲ್ಲಿ ಒಂಬತ್ತು, ಒಂದರಲ್ಲಿ ನಾಲ್ಕೇ ನಾಲ್ಕು. ಒಂದು ಕಡೆ ಮಾತ್ರ ನಿಜವಾಗಿಯೂ ಎರಡು ದಿನ ತಡವಾಗಿತ್ತು. ಅಲ್ಲಿ ತಡೆದವನು ಗುಮಾಸ್ತನಲ್ಲ, ಜಿಲ್ಲಾಧಿಕಾರಿ. ತಡೆಯಬೇಕೆಂದು ಆತ ಕೊಟ್ಟ ಅಪ್ಪಣೆಯ ಪ್ರತಿ ಹನ್ನೊಂದು ವರ್ಷದಿಂದ ಅವಳ ಬಳಿಯೇ ಇತ್ತು. ಹಳೆಯ ಮಾತಿಗೆ ಅದು ಹೊಂದುವುದಿಲ್ಲವೆಂದು ಬದಿಗಿಟ್ಟಿದ್ದಳು. ಹೊಸ ಮಾತಿಗೆ ಅದೇ ಆಧಾರಸ್ತಂಭವಾಯಿತು. ಆ ಕ್ರಾಂತಿ ದೇಶದುದ್ದ ಹರಡಿದ್ದು ಯಾರ ಹೆಸರೂ ಯಾವ ಪುಸ್ತಕದಲ್ಲೂ ಇಲ್ಲದ ಈ ಗುಮಾಸ್ತರ ಕಾಲುಗಳ ಮೇಲೆ ಎಂದು ಈಗ ಅವಳು ಬರೆದಳು. ಈ ಸಲ ಬರೆದದ್ದಕ್ಕೆ ಬೆನ್ನೆಲುಬಿತ್ತು. ಪತ್ರಿಕೆಗೆ ಕಳಿಸಿದ ಕಾಗದದಲ್ಲಿ, ತಪ್ಪನ್ನು ಕಂಡುಹಿಡಿದವರು ನಿವೃತ್ತ ಸ್ಟೇಷನ್ ಮಾಸ್ಟರ್ ಒಬ್ಬರು ಎಂದು ಮೊದಲ ಸಾಲಿನಲ್ಲೇ ಹೇಳಿದಳು. ಅದು ಅಚ್ಚಾಗಿ ಬಂದ ಮೇಲೆ ಮಾವನವರು ಆ ಸಂಚಿಕೆಯನ್ನು ಯಾರಿಗೂ ತೋರಿಸಲಿಲ್ಲ. ಬಂದವರೆಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟರು, ಅಷ್ಟೇ.

ಹದಿಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮತ್ತೆ ಇಬ್ಬರೂ ಮೇಜಿಗೆ ಕುಳಿತರು. ಚಹಾದ ಲೋಟ, ಕೆಂಪು ಪೆನ್ಸಿಲು. ಎದುರಿಗೆ ಬೆಳ್ಳಿ ಅಕ್ಷರ ಒತ್ತಿದ ಮುಖಪುಟ: 'ಹನ್ನೆರಡು ನಿಮಿಷ'. ಅತ್ತೆಯವರು, "ಇವತ್ತಾದ್ರೂ ಮುಗಿಸ್ತೀರೋ, ಇಲ್ಲ ಚೀನಾಕ್ಕೂ ಹೋಗ್ತೀರೋ?" ಎಂದು ಕೇಳಿ, ಒಳಗೆ ಹೋಗದೆ ಕುರ್ಚಿ ಎಳೆದುಕೊಂಡು ಅಲ್ಲೇ ಕುಳಿತರು.

ಮಾವನವರು ಕನ್ನಡಕ ಏರಿಸಿ ಐದನೆಯ ಅಧ್ಯಾಯ ತೆರೆದರು.

"'ರೈಲಿನ ಗಡಿಯಾರದಲ್ಲಿ ಒಂಬತ್ತು ಇಪ್ಪತ್ತು' ಅಲ್ಪವಿರಾಮ 'ಊರಿನ ಗಡಿಯಾರದಲ್ಲಿ ಎರಡು ಗಂಟೆ ಹನ್ನೆರಡು ನಿಮಿಷ' ಪೂರ್ಣವಿರಾಮ 'ಗುಮಾಸ್ತ ತಂತಿಯನ್ನು ಬರೆದುಕೊಂಡ' ಅಲ್ಪವಿರಾಮ 'ರಿಜಿಸ್ಟರಿನಲ್ಲಿ ದಾಖಲಿಸಿದ' ಅಲ್ಪವಿರಾಮ 'ಕೋಟು ತೊಟ್ಟ' ಪೂರ್ಣವಿರಾಮ 'ಆಮೇಲೆ ಓಡಿದ…'"

ನಿಂತರು. ಕನ್ನಡಕ ತೆಗೆದರು.

"ಓಡಿದ ಅಂತ ಎಲ್ಲಿ ಬರೆದಿತ್ತಮ್ಮಾ?"

"ಎಲ್ಲೂ ಬರೆದಿಲ್ಲ ಮಾವ."

"ಮತ್ತೆ? ನೀನು ನೋಡಿದೀಯಾ?"

"ಇಲ್ಲ. ಓಡಿ ನೋಡಿದೀನಿ" ಎಂದಳು ಅವಳು. "ಅಷ್ಟೇ ದೂರ, ಹಿಮ ಇಲ್ಲ, ಕೋಟು ಇಲ್ಲ. ಹದಿನೇಳು ನಿಮಿಷ. ನಾನು ಹೊರಟಿದ್ದನ್ನ ನೀವೇ ಬರಕೊಂಡಿದೀರಿ. ನಡೆದು ಹೋಗಿದ್ರೆ ಅವನು ಹನ್ನೆರಡಕ್ಕೆ ಮುಟ್ಟೋಕೆ ಸಾಧ್ಯವೇ ಇಲ್ಲ. ಅಡಿಟಿಪ್ಪಣಿಲಿ ಎಲ್ಲಾ ಹಾಕಿದೀನಿ, ಓದಿ."

ಮಾವನವರು ಅಡಿಟಿಪ್ಪಣಿಗೆ ಇಳಿದರು. ತುಟಿ ಅಲುಗಿಸುತ್ತ ಎರಡು ಸಲ ಓದಿದರು. ಹಳೆಯ ಕರಡಚ್ಚಿನ ಅಂಚಿನಲ್ಲಿ ತಾವೇ ಗೀಚಿದ್ದ 'ಹನ್ನೊಂದು ಇಪ್ಪತ್ತೊಂಬತ್ತು' ಎಂಬುದನ್ನು ಹುಡುಕಿ ತೆಗೆದು, ಅದರೊಂದಿಗೆ ಹೋಲಿಸಿ, ಸಮಾಧಾನವಾದ ಮೇಲೆ ಕನ್ನಡಕ ಏರಿಸಿದರು.

"'ಆಮೇಲೆ ಓಡಿದ'" ಎಂದು ಮೊದಲಿಗಿಂತ ಗಟ್ಟಿಯಾಗಿ, ಎದುರಿನ ಪ್ಲಾಟ್‌ಫಾರಮ್ಮಿಗೂ ಕೇಳಿಸಬೇಕೆಂಬಂತೆ ಓದಿದರು. "ಪೂರ್ಣವಿರಾಮ."